ಕಂಕುಳವರೆಗೆ ಒಂದು ಟಿಕೆಟ್

ಪ್ರತಿ ವರ್ಷ ಜನವರಿಯ ಮೊದಲ ಭಾನುವಾರ ನಮ್ಮ ಕಾರ್ಖಾನೆಯಿಂದ ನಿವೃತ್ತರಾದವರೆಲ್ಲ ಜಾಲಹಳ್ಳಿಯಲ್ಲಿ ಸೇರುತ್ತೇವೆ. ದೊಡ್ಡ ಕಾರ್ಯಕ್ರಮವೇನಲ್ಲ. ಒಂದು ಪ್ರಾರ್ಥನೆ, ಆ ವರ್ಷ ತೀರಿಕೊಂಡವರಿಗಾಗಿ ಒಂದಿಷ್ಟು ಮೌನ, ಎಲ್ಲರೂ ಸಾಲಾಗಿ ನಿಂತು ಒಂದು ಫೋಟೋ, ಆಮೇಲೆ ಊಟ. ಚಳಿಯ ದಿನಗಳಾದ್ದರಿಂದ ಗಂಡಸರೆಲ್ಲ ಸ್ವೆಟರ್ ಹಾಕಿಕೊಂಡು ಬರುತ್ತಾರೆ. ನನ್ನ ಕಷ್ಟ ಶುರುವಾಗುವುದು ಅಲ್ಲೇ.

ಆ ಸ್ವೆಟರುಗಳಲ್ಲಿ ಮುಕ್ಕಾಲು ಪಾಲು ಅದೇ ಕಾರ್ಖಾನೆಯಲ್ಲಿದ್ದ ನನ್ನ ಹೆಂಡತಿ ಯಶೋಧಾ ಹೆಣೆದವು. ಯೂನಿಯನ್ನಿನ ಮಾಜಿ ಕಾರ್ಯದರ್ಶಿಗೆ ಕೆಂಪು. ಅವಳ ಸೆಕ್ಷನ್ನಿನ ಫೋರ್‌ಮನ್ನಿಗೆ ಬೂದು ಬಣ್ಣ, ಎದೆಯ ಮೇಲೆ ಜಡೆ ಹೆಣೆದಂಥ ಚಿತ್ತಾರ. ಕಂಪನಿ ಬಸ್ಸಿನ ಡ್ರೈವರ್ ಚಿಕ್ಕಮಾರಯ್ಯನವರಿಗೆ ಬಾಟಲಿ ಹಸಿರು. ಇಷ್ಟು ಜನರ ನಡುವೆ ಅಂಗಡಿಯ ಜಿಪ್ ಜಾಕೆಟ್ ಹಾಕಿಕೊಂಡು ನಿಲ್ಲುವವನು ಯಶೋಧಾಳ ಗಂಡನಾದ ನಾನು.

ಕಳೆದ ವರ್ಷ ಊಟದ ಸಾಲಿನಲ್ಲಿ ಚಿಕ್ಕಮಾರಯ್ಯ ನನ್ನ ಎದುರಿಗೇ ಕೂತಿದ್ದರು. ರಾಜಾನುಕುಂಟೆಯವರು. ನನಗಿಂತ ಹಿರಿಯರು, ಬಾಯಿಗೆ ಬ್ರೇಕಿಲ್ಲ.

"ಏನ್ ಸಾಮಿ, ಊರೋರ್ಗೆಲ್ಲಾ ಉಲ್ಲನ್ನು, ಮನೆಯೋರ್ಗೆ ಜಿಪ್ಪಾ?"

ಇಡೀ ಸಾಲು ನಕ್ಕಿತು. ಬಡಿಸುವವನೂ ನಕ್ಕು ನನಗೆ ಒಂದು ಹೋಳಿಗೆ ಜಾಸ್ತಿ ಹಾಕಿದ. ಕನಿಕರದ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಹಾಗೆಂದು ಯಶೋಧಾಳಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಅವಳು ಹೆಣೆಯುತ್ತಿದ್ದದ್ದು ಕಂಪನಿ ಬಸ್ಸಿನಲ್ಲಿ ಮಾತ್ರ. ಬೆಳಿಗ್ಗೆ ಯಲಹಂಕದಿಂದ ಜಾಲಹಳ್ಳಿಯ ಗೇಟಿನವರೆಗೆ, ಸಂಜೆ ಗೇಟಿನಿಂದ ಯಲಹಂಕದವರೆಗೆ. ಮನೆಗೆ ಬಂದರೆ ಅಡುಗೆ, ಮಗಳ ಓದು, ನಮ್ಮಮ್ಮನ ಔಷಧಿ. ಉಲ್ಲನ್ ಚೀಲ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಚಿಕ್ಕಮಾರಯ್ಯನವರ ಸೀಟಿನ ಹಿಂದೆ ಒಂದು ಕೊಕ್ಕೆ ಇತ್ತು, ಅದಕ್ಕೆ ನೇತುಹಾಕಿ ಇಳಿದುಬಿಡುತ್ತಿದ್ದಳು. ಅಳತೆಗೆ ಟೇಪೂ ಬೇಕಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತವರ ಬೆನ್ನು ನೋಡುತ್ತ ಹಾಕಿದರೆ ಮುಗಿಯಿತು. ಆ ಸೀಟಿಗಾಗಿ ಜನ ಬೆಳಿಗ್ಗೆ ಬೇಗ ಬಂದು ಟವೆಲ್ ಹಾಕಿ ಹೋಗುತ್ತಿದ್ದರಂತೆ. ನಾನು ಟೂಲ್‌ರೂಮಿನವನು. ನನ್ನ ಪಾಳಿಯೇ ಬೇರೆ, ಸ್ಕೂಟರಿನಲ್ಲಿ ಓಡಾಟ. ಅವಳ ಮುಂದಿನ ಸೀಟಿನಲ್ಲಿ ನಾನು ಯಾವತ್ತೂ ಕೂರಲಿಲ್ಲ.

ಅವತ್ತು ಮನೆಗೆ ಬರುವಾಗ ಬಾಯಿಬಿಟ್ಟು ಕೇಳಿದೆ. "ಮುಂದಿನ ಮೀಟಿಂಗ್‌ಗೆ ನನಗೊಂದು ಸ್ವೆಟರ್ ಹಾಕ್ಕೊಡು ಕಣೇ."

"ಹಾಕ್ಕೊಡೋಣ ಬಿಡಿ. ಒಂದು ಸ್ವೆಟರ್‌ಗೆ ಒಂದು ವರ್ಷ ಯಾಕೆ? ದಸರಾ ಕಳೀಲಿ, ಶುರು ಮಾಡ್ತೀನಿ."

ನಿವೃತ್ತಿಯಾದ ಮೇಲೆ ಅವಳು ಕಡ್ಡಿ ಮುಟ್ಟಿರಲಿಲ್ಲ. ಮಗಳ ಬಾಣಂತನ, ಮೊಮ್ಮಗಳ ಆರೈಕೆ, ಮನೆಗೆ ಸುಣ್ಣಬಣ್ಣ ಎಂದು ದಿನಗಳು ಕಳೆದಿದ್ದವು. ದಸರಾ ಗೊಂಬೆ ಎತ್ತಿಟ್ಟ ಮರುದಿನವೇ ಮಲ್ಲೇಶ್ವರದಿಂದ ಗಾಢ ನೀಲಿ ಉಲ್ಲನ್ ತಂದೆವು. ನಾನು ಟೇಪು ಹಿಡಿದು ಎದೆ, ಭುಜ, ತೋಳು ಎಲ್ಲ ಅಳೆದೆ. ಮಣಿಕಟ್ಟಿಗೆ ಮಾತ್ರ ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ಇಟ್ಟೆ. ಕಾಗದದ ಮೇಲೆ ಮೂರು ಕಡೆಯಿಂದ ಡ್ರಾಯಿಂಗ್ ಮಾಡಿ ಕೊಟ್ಟೆ. ಅವಳು ಅದನ್ನು ನೋಡಿ, "ಇದೇನ್ ಸ್ವೆಟರ್ರೋ, ಗೀಸರ್ರೋ?" ಎಂದಳು.

ಊಟವಾದ ಮೇಲೆ ಸೋಫಾದ ಮೇಲೆ ಕಾಲು ಮಡಚಿ ಕೂತು ಶುರು ಮಾಡಿದಳು. ಸಂಜೆಗೆ ಒಂದಿಷ್ಟು ಬಂದಿತ್ತು. ಎತ್ತಿ ಹಿಡಿದರೆ ಮೀನು ಹಿಡಿಯುವ ಬಲೆ. ಬಿಚ್ಚಿದಳು. ಮರುದಿನ ಹಲ್ಲು ಕಚ್ಚಿಕೊಂಡು ಹಾಕಿದಳು. ಈ ಸಲ ಕಾಲು ಒರೆಸುವ ಮ್ಯಾಟು. ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತಿತ್ತು. ಅದನ್ನೂ ಬಿಚ್ಚಿದಳು. ಹೀಗೇ ಒಂದು ವಾರ ಹಾಕುವುದು, ಬಿಚ್ಚುವುದು. ಉಲ್ಲನ್ನಿಗೇ ಬೇಜಾರಾಗಿ ಜುಂಗು ಏಳಲು ಶುರುವಾಯಿತು.

ಒಂದು ಮಧ್ಯಾಹ್ನ ಕಡ್ಡಿಗಳನ್ನು ಟೀಪಾಯಿಯ ಮೇಲಿಟ್ಟು ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು.

"ಕೈ ಹೋಯ್ತು ಕಣ್ರೀ."

"ಎಲ್ಲಿಗ್ ಹೋಗತ್ತೆ? ಅಲ್ಲೇ ಇದೆಯಲ್ಲ."

"ತಮಾಷೆ ಮಾಡ್ಬೇಡಿ. ಕಣ್ಣು ಮುಚ್ಕೊಂಡು ಹಾಕ್ತಿದ್ದೆ ನಾನು. ಈಗ ಕುಣಿಕೆ ಕುಣಿಕೆನೂ ನೋಡ್ಕೊಂಡು ಹಾಕಿದ್ರೂ ಬರ್ತಿಲ್ಲ. ಬೇರೆ ಯಾರದೋ ಕೈ ತಂದು ಅಂಟಿಸ್ದಂಗಿದೆ."

ಅವಳು ಅಳುವ ಹೆಂಗಸಲ್ಲ. ಅವತ್ತು ಎದ್ದು ಹೋಗಿ ಸುಮ್ಮನೆ ಅಕ್ಕಿ ಆರಿಸಿದಳು, ಪ್ಯಾಕೆಟ್ಟಿನಲ್ಲಿ ಬಂದ ಅಕ್ಕಿ. ನನಗೆ ಸ್ವೆಟರಿನ ಆಸೆ ಹಾಗೇ ಇತ್ತು, ಆದರೆ ಅದಕ್ಕಿಂತ ಇದು ದೊಡ್ಡದಾಯಿತು. ಡಾಕ್ಟರಿಗೆ ತೋರಿಸಿದೆವು. ಬೆರಳು ಮಡಚಿಸಿ ಬಿಡಿಸಿ ನೋಡಿ, "ಕೈ ಚೆನ್ನಾಗಿದೆ, ಇವರ ಸಕ್ಕರೆ ನೋಡಿಕೊಳ್ಳಿ" ಎಂದು ಅವಳಿಗೆ ಹೇಳಿ ನನ್ನ ಕಡೆ ಬೆರಳು ತೋರಿಸಿದರು.

ಟೂಲ್‌ರೂಮಿನಲ್ಲಿ ಒಂದು ಮಾತಿತ್ತು. ಒಂದು ಶೆಡ್ಡಿನಲ್ಲಿ ಚೆನ್ನಾಗಿ ಓಡುತ್ತಿದ್ದ ಮಿಷನ್ನು ಇನ್ನೊಂದು ಶೆಡ್ಡಿಗೆ ಸಾಗಿಸಿದ ಮೇಲೆ ಕೈಕೊಟ್ಟರೆ ಮಿಷನ್ನನ್ನು ಬೈಯಬಾರದು, ಅದರ ಕೆಳಗಿನ ನೆಲ ನೋಡಬೇಕು. ನಾನು ನೆಲ ನೋಡಿದೆ. ಸೋಫಾ ಬಸ್ಸಿನ ಹಾಗೆ ಅದುರುತ್ತಿರಲಿಲ್ಲ. ದೋಷ ಸಿಕ್ಕಿತು ಎಂದುಕೊಂಡೆ.

ಮೊದಲು ಉಯ್ಯಾಲೆಯ ಮೇಲೆ ಕೂರಿಸಿದೆ. ಅದು ತೂಗುತ್ತದೆ, ಅದುರುವುದಿಲ್ಲ. ಅವಳು ಹೆಣೆಯುವ ಬದಲು ನಿದ್ದೆ ಮಾಡಿದಳು. ಆಮೇಲೆ ಹಿತ್ತಲಿನ ವಾಷಿಂಗ್ ಮಿಷನ್ನಿಗೆ ಪ್ಲಾಸ್ಟಿಕ್ ಕುರ್ಚಿಯನ್ನು ಒರಗಿಸಿ ಕೂರಿಸಿ ಸ್ವಿಚ್ ಹಾಕಿದೆ. ನೀರು ತುಂಬುವಾಗ ಏನೂ ಆಗಲಿಲ್ಲ. ಬಟ್ಟೆ ಹಿಂಡುವ ಹಂತ ಬಂದು ಮಿಷನ್ನು ಗಡಗಡ ಎಂದಾಗ ಅವಳ ಕೈ ಓಡಿತು ನೋಡಿ! ಕಡ್ಡಿ ಟಿಕಟಿಕ ಎಂದಿತು. ಎರಡು ಸಾಲು ಬಂದವು, ಎರಡೂ ಸರಿಯಾಗಿದ್ದವು. ಅಷ್ಟರಲ್ಲಿ ಮಿಷನ್ನು ಪೀಂ ಎಂದು ಕೂಗಿ ನಿಂತಿತು. ಸಂಜೆಯವರೆಗೆ ಒಂದೇ ಬೆಡ್‌ಶೀಟನ್ನು ಮತ್ತೆ ಮತ್ತೆ ಒಗೆದೆವು. ಪಕ್ಕದ ಮನೆಯ ಧನಲಕ್ಷ್ಮಿ ಕಾಂಪೌಂಡಿನ ಮೇಲಿಂದ ಇಣುಕಿ, "ಅಂಕಲ್, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದು ಕೇಳಿದಳು.

ಯಶೋಧಾ ಎದ್ದು ನಿಂತಳು. "ಸಾಕು. ನಾಳೆ ಉಲ್ಲನ್ ಅಂಗಡಿಗೇ ವಾಪಸ್ ಕೊಟ್ಟು ಬರ್ತೀನಿ. ನೀವು ಜಾಕೆಟ್ಟೇ ಹಾಕ್ಕೊಳಿ."

ಮರುದಿನ ತಿಂಡಿ ಮುಗಿಸಿ ಉಲ್ಲನ್ನು, ಕಡ್ಡಿ ಎಲ್ಲ ಚೀಲಕ್ಕೆ ತುಂಬಿಕೊಂಡು ಯಶವಂತಪುರದ ಬಸ್ಸು ಹತ್ತಿದಳು, ಅಲ್ಲಿಂದ ಮಲ್ಲೇಶ್ವರಕ್ಕೆ ಹೋಗುವ ಲೆಕ್ಕ. ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಫೋನ್ ಎತ್ತಲಿಲ್ಲ. ಸಂಜೆಯ ಕಾಫಿ ಹೊತ್ತು ಮೀರಿದ ಮೇಲೆ ಬಾಗಿಲು ತೆರೆದಳು. ಕೂದಲು ಕೆದರಿತ್ತು, ಮುಖ ಹೊಳೆಯುತ್ತಿತ್ತು.

"ಅಂಗಡಿಯವ್ನು ವಾಪಸ್ ತಗೊಂಡ್ನಾ?"

"ಯಾವ ಅಂಗಡಿ?" ಎಂದು ಚೀಲದಿಂದ ಒಂದು ಗೇಣು ನೀಲಿ ತೆಗೆದು ನನ್ನ ಮಡಿಲಿಗೆ ಹಾಕಿದಳು. ಒತ್ತಿ ನೋಡಿದೆ. ಹದವಾಗಿತ್ತು.

ಎಂ.ಎಸ್. ಪಾಳ್ಯ ದಾಟುವ ಹೊತ್ತಿಗೆ ಕೈ ತಾನಾಗಿ ಚೀಲದೊಳಗೆ ಹೋಯಿತಂತೆ. ಯಶವಂತಪುರ ಬಂದದ್ದೂ ತಿಳಿಯಲಿಲ್ಲ, ಬಸ್ಸು ತಿರುಗಿ ಯಲಹಂಕಕ್ಕೆ ಬಂದದ್ದೂ ತಿಳಿಯಲಿಲ್ಲ. ಮತ್ತೆ ಅದೇ ಬಸ್ಸಿನಲ್ಲಿ ಹೋಗಿ ಬಂದಿದ್ದಳು. "ಕಂಪನಿ ಬಸ್ಸಿನ ಥರಾನೇ ಹಳೇ ಗಾಡಿ ಕಣ್ರೀ. ಕಿಟಕಿ ಗಾಜೆಲ್ಲಾ ಗಲಗಲ ಅನ್ನತ್ತೆ. ಆದ್ರೂ ಚಿಕ್ಕಮಾರಯ್ಯನ ಕೈ ಈ ಡ್ರೈವರ್‌ಗಿಲ್ಲ. ಅವ್ರು ಗೇರ್ ಬದಲಾಯಿಸೋದಕ್ಕೂ ನಾನು ಸಾಲು ತಿರುಗ್ಸೋದಕ್ಕೂ ಸರಿಹೋಗ್ತಿತ್ತು."

ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ, ಹೆಂಡತಿಯ ಕೈ ಇನ್ನೊಬ್ಬರ ಕ್ಲಚ್ಚಿಗೆ ಹೊಂದಿಕೊಂಡಿತ್ತು ಎಂದು ಕೇಳುವುದು ಯಾವ ಗಂಡನಿಗೂ ಸುಲಭವಲ್ಲ.

"ನನ್ನ ಸ್ಕೂಟರ್‌ಗೂ ಗೇರ್ ಇತ್ತಲ್ಲೇ."

"ನಿಮ್ಮ ಹಿಂದೆ ಕೂತು ಜೀವ ಹಿಡ್ಕೊಳೋದೇ ಆಗ್ತಿತ್ತು. ಕಡ್ಡಿ ಎಲ್ಲಿ ಹಿಡ್ಕೊಳ್ಲಿ?"

ಅಂದಿನಿಂದ ದಿನವೂ ಬಸ್ಸು. ಹೆಂಗಸರಿಗೆ ಟಿಕೆಟ್ ಉಚಿತ, ಅವಳಿಗೆ ಯಾರ ಹಂಗೂ ಇಲ್ಲ. ನಾನು ಹಿರಿಯ ನಾಗರಿಕರ ಕಾರ್ಡು ತೋರಿಸಿ ಅವಳ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಬುತ್ತಿ ಹಿಡಿದುಕೊಳ್ಳುವುದು, ಉಂಡೆ ಸುತ್ತಿಕೊಡುವುದು ನನ್ನ ಕೆಲಸ. ಕಂಡಕ್ಟರ್ ಸಿದ್ದಲಿಂಗ, ಗದಗದ ಕಡೆಯ ಹುಡುಗ, ಮೊದಲ ದಿನಗಳಲ್ಲಿ ಬಹಳ ಗೊಂದಲಪಟ್ಟ.

"ಅಮ್ಮಾರ, ಎಲ್ಲಿಗ್ರೀ?"

ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುತ್ತಿದ್ದ ಯಶೋಧಾ ಕಡ್ಡಿಯಿಂದ ಕಣ್ಣೆತ್ತದೆ, "ಇವತ್ತು ಕಂಕುಳವರೆಗೆ ಹೋಗ್ಬೇಕಪ್ಪಾ" ಎಂದಳು.

ಸಿದ್ದಲಿಂಗ ನಗಲಿಲ್ಲ. ಸ್ವೆಟರನ್ನೊಮ್ಮೆ ನೋಡಿದ, ರಸ್ತೆಯನ್ನೊಮ್ಮೆ ನೋಡಿದ. "ಕಂಕುಳಕ್ಕ ಸ್ಟೇಜ್ ಇಲ್ರೀ. ಯಶವಂತಪುರಕ್ಕ ಹರೀತೀನಿ. ಕಂಕುಳ ಬಂದ್ರ ನಡುವ ಇಳೀರಿ."

ಆಮೇಲೆ ಅದೇ ಅವನ ಮಾಮೂಲಾಯಿತು. ಹತ್ತಿದ ಕೂಡಲೇ, "ಅಮ್ಮಾರ, ನಿನ್ನೆ ಎದಿಮಟ ಬಂದಿದ್ರಿ, ಇವತ್ತೆಲ್ಲಿಗೆ?" ಎನ್ನುತ್ತಿದ್ದ. ಬೇರೆ ಪ್ರಯಾಣಿಕರು ನಮ್ಮನ್ನು ನೋಡಿ, ಅವನನ್ನು ನೋಡಿ, ಸ್ವಲ್ಪ ದೂರ ಕೂರುತ್ತಿದ್ದರು.

ಎಲ್ಲ ನೆಟ್ಟಗೆ ನಡೆಯುತ್ತಿದ್ದಾಗ ನಾನು ತಲೆ ಓಡಿಸಿದೆ. ಒಂದು ದಿನ ಸಿದ್ದಲಿಂಗನ ಬಸ್ಸು ತಡವಾಯಿತು. ಹೆಬ್ಬಾಳಕ್ಕೆ ಹೋಗುವ ಹೊಸ ಎಲೆಕ್ಟ್ರಿಕ್ ಬಸ್ಸು ಬಂದು ನಿಂತಿತ್ತು. ಮೆತ್ತನೆ ಸೀಟು, ಸದ್ದೇ ಇಲ್ಲ. "ಬಾ, ಇದ್ರಲ್ಲಿ ಆರಾಮಾಗಿ ಹಾಕು" ಎಂದೆ. ಬಸ್ಸು ಹೊರಟದ್ದೇ ತಿಳಿಯಲಿಲ್ಲ, ಅಷ್ಟು ನುಣುಪು. ಅವಳ ಕುಣಿಕೆಗಳು ಒಂದೊಂದಾಗಿ ಸಡಿಲವಾದವು. ಮುಂದೆ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತಿತು. ನಿಂತಿತೆಂದರೆ ನಿಂತಿತು. ಕೆಳಗೆ ಕೆರೆಯಲ್ಲಿ ಹಕ್ಕಿಗಳು ಮುಳುಗಿ ಎದ್ದು ಮೀನು ತಿಂದು ಮುಗಿಸಿದರೂ ನಾವು ಅಲ್ಲೇ ಇದ್ದೆವು. ಯಶೋಧಾಳ ಹುಬ್ಬು ಬಿಗಿಯಿತು, ಅದರ ಜೊತೆಗೆ ಕೈಯೂ ಬಿಗಿಯಿತು. ಮನೆಗೆ ಬಂದು ನೋಡಿದರೆ ಸ್ವೆಟರಿನ ಹೊಟ್ಟೆಯ ಜಾಗದಲ್ಲಿ ಸುತ್ತಲೂ ಒಂದು ಪಟ್ಟಿ, ಬೆಲ್ಟು ಕಟ್ಟಿದ ಹಾಗೆ.

"ಬಿಚ್ಚಿ ಹಾಕೋಣ?" ಎಂದೆ.

"ಬಿಚ್ಚಲ್ಲ. ನಿಮ್ಮ ಐಡಿಯಾ, ನೀವೇ ಹೊಟ್ಟೆ ಎಳ್ಕೊಂಡು ಹಾಕ್ಕೊಳಿ."

ಡಿಸೆಂಬರ್ ಮುಗಿಯುವ ಹೊತ್ತಿಗೆ ಮೈ ಮುಗಿದಿತ್ತು, ಬಲತೋಳೂ ಮುಗಿದಿತ್ತು. ತೋಳನ್ನು ಭುಜದಿಂದ ಶುರು ಮಾಡಿ ಮಣಿಕಟ್ಟಿನ ಕಡೆಗೆ ಇಳಿಸುವುದು ಅವಳ ಪದ್ಧತಿ. ಎಡತೋಳು ಮೊಣಕೈ ದಾಟಿತ್ತು. ಸಭೆಗೆ ಇನ್ನೇನು ನಾಲ್ಕಾರು ದಿನ. ಯಶವಂತಪುರದ ಮಾರ್ಕೆಟ್ಟಿನಿಂದ ಒಬ್ಬಾತ ಬೆಳ್ಳುಳ್ಳಿ ಮೂಟೆ ಹೊತ್ತು ಬಸ್ಸು ಹತ್ತಿ ಯಶೋಧಾಳ ಕಾಲ ಬಳಿಯೇ ಇಟ್ಟ. ಗಂಗಮ್ಮ ಸರ್ಕಲ್ಲಿನಲ್ಲಿ ಮೂಟೆ ಎತ್ತಿಕೊಂಡು ಇಳಿದ. ನಮ್ಮ ಉಲ್ಲನ್ ಉಂಡೆ ಆ ಮೂಟೆಯ ದಾರಕ್ಕೆ ಸಿಕ್ಕಿಕೊಂಡು ಅವನ ಜೊತೆಗೇ ಇಳಿಯಿತು.

ಬಸ್ಸು ಹೊರಟಿತು. ಯಶೋಧಾ "ಅಯ್ಯಯ್ಯೋ!" ಎಂದು ಎದ್ದ ರಭಸಕ್ಕೆ ಕಡ್ಡಿಗಳು ಕಳಚಿಬಿದ್ದವು. ಕಡ್ಡಿ ಹೋದ ಮೇಲೆ ತೋಳನ್ನು ಹಿಡಿಯುವವರು ಯಾರು? ಬರಬರನೆ ಬಿಚ್ಚಿಕೊಳ್ಳುತ್ತ ಬಾಗಿಲಿನಿಂದ ಹೊರಗೆ ಓಡಿತು. ಸಿದ್ದಲಿಂಗ ಸೀಟಿ ಊದಿದ. "ಹೋಲ್ಡಾನ್! ಹೋಲ್ಡಾನ್! ಅಮ್ಮಾರ ತೋಳು ಹೊಂಟೈತಿ!"

ಬಸ್ಸಿನಲ್ಲಿದ್ದವರೆಲ್ಲ ಯಾರ ತೋಳು ಎಂದು ಗಾಬರಿಯಿಂದ ಎದ್ದು ನಿಂತರು. ಹಿಂದೆ ರಸ್ತೆಯಲ್ಲಿ ಬೆಳ್ಳುಳ್ಳಿಯವನು ಮೂಟೆಗೆ ಏನೋ ದಾರ ಸುತ್ತಿಕೊಂಡಿದೆಯಲ್ಲ ಎಂದು ಬಿಡಿಸಿಕೊಳ್ಳಲು ಎಳೆಯುತ್ತಿದ್ದ. ಪಾಪ, ಎಳೆದಷ್ಟೂ ಬರುತ್ತಿತ್ತು. ನಾನು ಇಳಿದು ಓಡಿ ಹೋಗಿ ಅವನ ಕೈ ಹಿಡಿಯುವ ಹೊತ್ತಿಗೆ ಎಡತೋಳು ಭುಜದ ಹತ್ತಿರ ಬಂದಿತ್ತು. ಆತ ಬಹಳ ನೊಂದುಕೊಂಡು ಒಂದು ಹಿಡಿ ಬೆಳ್ಳುಳ್ಳಿ ಕೊಟ್ಟ. ಆ ಉಲ್ಲನ್ನಿಗೆ ಇವತ್ತಿಗೂ ಒಗ್ಗರಣೆಯ ವಾಸನೆ ಇದೆ.

ಉಳಿದ ದಿನಗಳನ್ನೆಲ್ಲ ಬೆಳಗಿನಿಂದ ಸಂಜೆಯವರೆಗೆ ಬಸ್ಸಿನಲ್ಲೇ ಕಳೆದೆವು. ಆದರೂ ಸಭೆಯ ಭಾನುವಾರ ಬೆಳಿಗ್ಗೆ ಮೊಣಕೈಯಿಂದ ಕೆಳಗೆ ಬರಿಗೈ.

"ಹಾಕ್ಕೊಂಡೇ ಬನ್ನಿ. ಜಾಲಹಳ್ಳಿ ಬರೋದ್ರೊಳಗೆ ಮುಗಿಸ್ತೀನಿ. ಎಂ.ಎಸ್. ಪಾಳ್ಯದಲ್ಲಿ ಹೇಗೂ ಜಾಮ್ ಇರತ್ತೆ, ಗಂಗಮ್ಮ ಸರ್ಕಲ್‌ನಲ್ಲಂತೂ ಇದ್ದೇ ಇರತ್ತೆ."

ಸ್ವೆಟರ್ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತು, ರಕ್ತ ಕೊಡುವವನ ಹಾಗೆ ಎಡಗೈ ಚಾಚಿದೆ. ನನ್ನ ಕೈಯ ಸುತ್ತ ಕಡ್ಡಿಗಳನ್ನು ಹೂಡಿ ಅವಳು ಶುರು ಮಾಡಿದಳು. ವರ್ಷವಿಡೀ ನಮ್ಮನ್ನು ಗೋಳು ಹೊಯ್ದುಕೊಂಡ ರಸ್ತೆ ಅವತ್ತು ಖಾಲಿ. ಭಾನುವಾರ! ಎಂ.ಎಸ್. ಪಾಳ್ಯದಲ್ಲಿ ಒಂದು ನಾಯಿ ಮಾತ್ರ ಅಡ್ಡ ಬಂತು. ಗಂಗಮ್ಮ ಸರ್ಕಲ್ಲಿನ ಸಿಗ್ನಲ್ ನಮ್ಮನ್ನು ನೋಡಿದ್ದೇ ಹಸಿರಾಯಿತು. "ಡ್ರೈವರ್ರಿಗೆ ಸ್ವಲ್ಪ ನಿಧಾನ ಹೇಳಪ್ಪಾ" ಎಂದು ಸಿದ್ದಲಿಂಗನಿಗೆ ಹೇಳಿದೆ. ಬೆಂಗಳೂರಿನಲ್ಲಿ ಈ ಮಾತು ಹೇಳಿದ ಮೊದಲ ಮನುಷ್ಯ ನಾನೇ ಇರಬೇಕು.

ಜಾಲಹಳ್ಳಿ ಬಂದೇಬಿಟ್ಟಿತು. ಕಿಟಕಿಯಿಂದ ಸಭೆಯ ಹಾಲ್ ಕಾಣುತ್ತಿತ್ತು. ಗೇಟಿನ ಬಳಿ ಕೆಂಪು ಸ್ವೆಟರ್, ಬೂದು ಸ್ವೆಟರ್, ಫೋಟೋದವನು ಕುರ್ಚಿ ಜೋಡಿಸುತ್ತಿದ್ದ. ನನ್ನ ಮಣಿಕಟ್ಟಿಗೆ ಇನ್ನೂ ಒಂದು ಗೇಣು ಬಾಕಿ.

"ಜಾಲಹಳ್ಳಿ ಬಂತ್ರೀ," ಎಂದ ಸಿದ್ದಲಿಂಗ. ಬಸ್ಸು ನಿಂತೇ ಇತ್ತು.

"ಹಿಂಗೇ ಇಳೀರಿ," ಎಂದಳು ಯಶೋಧಾ. "ದಾರ ಗಂಟು ಹಾಕ್ಕೊಡ್ತೀನಿ. ಕೈ ಕಟ್ಕೊಂಡು ನಿಂತ್ರೆ ಫೋಟೋದಲ್ಲಿ ಗೊತ್ತಾಗಲ್ಲ. ನೀವು ಒಂದು ವರ್ಷದಿಂದ ಕಾಯ್ತಿದ್ದೀರಿ."

ಹೀಗೆ ಹೇಳುವಾಗಲೂ ಅವಳ ಕೈ ನಿಂತಿರಲಿಲ್ಲ. ಕಣ್ಣು ನನ್ನ ಮುಖದ ಮೇಲಿತ್ತು, ಕಡ್ಡಿಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಒಂದು ಕುಣಿಕೆಯನ್ನೂ ಅವಳು ನೋಡುತ್ತಿರಲಿಲ್ಲ. ಟೀಪಾಯಿಯ ಮುಂದೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದ ಆ ಮಧ್ಯಾಹ್ನ ನನಗೆ ನೆನಪಾಯಿತು. ಅಲ್ಲದೆ ಅರ್ಧ ಮಾಡಿದ ಕೆಲಸವನ್ನು ನಾನು ಯಾವತ್ತೂ ಟೂಲ್‌ರೂಮಿನ ಬಾಗಿಲು ದಾಟಿಸಿದವನಲ್ಲ.

"ಇಳಿಯಲ್ಲ," ಎಂದೆ. "ಸಿದ್ದಲಿಂಗಾ, ಮಣಿಕಟ್ಟಿಗೆ ಒಂದು ಕೊಡಪ್ಪಾ."

"ಹಂಗಂದ್ರ ಯಶವಂತಪುರಾನ," ಎಂದು ಅವನು ಟಿಕೆಟ್ ಕೊಟ್ಟು ಸೀಟಿ ಊದಿದ.

ಯಶವಂತಪುರಕ್ಕೆ ಹೋಗಿ, ಬಸ್ ನಿಲ್ದಾಣದಲ್ಲಿ ಟೀ ಕುಡಿದು (ಬಲಗೈಯಲ್ಲಿ), ಬಸ್ಸು ಮತ್ತೆ ಹೊರಡುವವರೆಗೆ ಬಹಳ ಹೊತ್ತು ಕಾದು, ಅದೇ ಬಸ್ಸಿನಲ್ಲಿ ತಿರುಗಿ ಬಂದು ಇಳಿದಾಗ ತೋಳು ಮುಗಿದಿತ್ತು. ಸಭೆಯೂ ಮುಗಿದಿತ್ತು. ಹುಡುಗರು ಟೇಬಲ್ ಮಡಚುತ್ತಿದ್ದರು. ಕೆಂಪು ಇಲ್ಲ, ಬೂದು ಇಲ್ಲ. ಮೆಟ್ಟಿಲ ಮೇಲೆ ಬಾಟಲಿ ಹಸಿರು ಮಾತ್ರ ಕೂತಿತ್ತು, ಕೈಯಲ್ಲಿ ಎಲೆ ಮುಚ್ಚಿದ ಒಂದು ಡಬ್ಬಿ.

"ಬರದೇ ಇರಾಕಿಲ್ಲ ಅಂತ ಗೊತ್ತಿತ್ತು," ಎಂದರು ಚಿಕ್ಕಮಾರಯ್ಯ. "ಓಳಿಗೆ ಎತ್ತಿಟ್ಟಿವ್ನಿ. ಎಲ್ಲಿ ಸಾಮಿ, ಅತ್ಲಾಗ್ ತಿರುಗಿ."

ನಾನು ತಿರುಗಿದೆ. ಅವರು ಎದ್ದು ಬಂದು, ಗಾಡಿ ಪರೀಕ್ಷೆ ಮಾಡುವವರ ಹಾಗೆ ಕೈಯಿಂದ ಸವರುತ್ತ ಸ್ವೆಟರಿನ ಸುತ್ತ ಒಂದು ಸುತ್ತು ಬಂದರು.

"ಮೈಯೆಲ್ಲಾ ಸಿಟಿ ಬಸ್ಸು. ಗಾಡಿ ಅಳೇದು, ಗುಂಡಿ ಜಾಸ್ತಿ. ಈ ವಟ್ಟೆ ತಾವ ಇದೇನ್ ಸಾಮಿ, ಇಂಗ್ ಬಿಗಿದದೆ? ಗಾಡಿ ನಿಂತೋಗಿತ್ತಾ?"

"ಹೆಬ್ಬಾಳ," ಎಂದೆ.

"ಅಂಗನ್ನಿ." ಆಮೇಲೆ ಎಡತೋಳು ಹಿಡಿದು ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳಾಡಿಸಿದರು. ಮೂಗಿನ ಹತ್ತಿರ ತಂದು ಬೆಳ್ಳುಳ್ಳಿಯ ವಾಸನೆಗೆ ಒಮ್ಮೆ ಮುಖ ಸಿಂಡರಿಸಿ, ಮತ್ತೆ ಬೆರಳಾಡಿಸಿದರು. "ಇದು ಬೋ ಚೆಂದಾಗದೆ. ಆಗಿನ್ ಕಾಲ್ದಂಗೇ ಅದೆ. ಯಾರು ಓಡಿಸ್ದೋರು?"

"ಇವತ್ತಿನ ಡ್ರೈವರ್ರೇ. ಭಾನುವಾರ ಅಲ್ವಾ, ರಸ್ತೆ ಖಾಲಿ ಇತ್ತು."

"ರಸ್ತೆ ಅಲ್ಲ ಕಣ್ ಸಾಮಿ. ಅಮ್ಮಾರಿಗೆ ಅವಸರ ಇರ್ನಿಲ್ಲ, ಅಷ್ಟೆಯ." ಎಂದು ಡಬ್ಬಿಯನ್ನು ಯಶೋಧಾಳ ಕೈಗೆ ಕೊಟ್ಟು, "ನಂದು ಮೊಣಕೈ ತಾವ ತೂತಾಗದೆ ಯಶೋಧಮ್ಮಾರೇ, ವಸಿ ನೋಡಿ" ಎಂದು ತಮ್ಮ ತೋಳನ್ನು ಮುಂದೆ ಚಾಚಿದರು.

"ಈಗಾಗಲ್ಲ," ಎಂದಳು ಯಶೋಧಾ. "ನಮ್ಮ ಬಸ್ಸಿಗೆ ಬನ್ನಿ, ನೋಡೋಣ."

ಮೆಟ್ಟಿಲ ಮೇಲೆ ಕೂತು ಹೋಳಿಗೆ ತಿಂದೆವು. ತಣ್ಣಗಾಗಿತ್ತು, ಆದರೂ ಈ ಸಲ ಗಂಟಲಲ್ಲಿ ಸರಾಗವಾಗಿ ಇಳಿಯಿತು. ಹೆಬ್ಬಾಳದ ಪಟ್ಟಿಯ ಹತ್ತಿರ ಮಾತ್ರ ಸ್ವಲ್ಪ ತಡೆಯಿತು.

ವಾಪಸು ಬರುವಾಗ, ಇನ್ನೊಂದು ಸುತ್ತು ಹೊಡೆದು ಬಂದ ಸಿದ್ದಲಿಂಗನ ಬಸ್ಸಿನಲ್ಲಿ ಜನ ಇರಲಿಲ್ಲ. ನಾನು ಮಾಮೂಲಿನಂತೆ ಹಿಂದಕ್ಕೆ ಹೊರಟೆ. ಯಶೋಧಾ ನನ್ನ ಸ್ವೆಟರಿನ ತುದಿ ಹಿಡಿದು ನಿಲ್ಲಿಸಿದಳು.

"ಅಲ್ಲಲ್ಲ. ನನ್ನ ಮುಂದಿನ ಸೀಟಲ್ಲಿ ಕೂತ್ಕೊಳಿ."

ಕೂತೆ. ಯಾರೋ ಬೆನ್ನು ನೋಡುತ್ತಿದ್ದಾರೆ ಎಂದು ಗೊತ್ತಾದರೆ ಮೈ ತಾನಾಗಿ ಸೆಟೆದುಕೊಳ್ಳುತ್ತದೆ. ಎದೆ ಉಬ್ಬಿಸಿ, ಹೊಟ್ಟೆ ಎಳೆದುಕೊಂಡು, ಹೊಸ ಪೊಲೀಸಿನ ಹಾಗೆ ನೆಟ್ಟಗೆ ಕೂತೆ. 

"ಟೇಪ್ ಹಿಡಿದು ಅಳೆದಿದ್ದೇ ತಪ್ಪಾಯ್ತು," ಎಂದಳು. "ನಿಮ್ಮ ಎಡಭುಜ ಇಷ್ಟು ಇಳಿದಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಇದು ಇರ್ಲಿ, ಇನ್ನೊಂದು ಹಾಕ್ತೀನಿ."

"ಬರೋ ಜನವರಿಗೆ?"

"ಜನವರಿಗೂ ಬೇಡ, ಡಿಸೆಂಬರ್‌ಗೂ ಬೇಡ. ಆದಾಗ ಆಗತ್ತೆ. ನೆಟ್ಟಗೆ ಕೂತ್ಕೋಬೇಡ್ರೀ, ಮನೇಲಿ ಹೆಂಗೆ ಕೂರ್ತೀರೋ ಹಂಗೇ ಕೂತ್ಕೊಳಿ."

ಸಿದ್ದಲಿಂಗ ಬಂದು ನಿಂತ. "ಯಜಮಾನ್ರ, ಎಲ್ಲಿಗ್ರೀ?"

ಚೀಲದ ಬಾಯಿ ಬಿಚ್ಚಿದ ಸದ್ದಾಯಿತು. ಉಳಿದ ಉಲ್ಲನ್ನಿನಿಂದ ಅವಳು ಆಗಲೇ ಮೊದಲ ಕುಣಿಕೆ ಹಾಕುತ್ತಿದ್ದಳು.

"ಅವಳನ್ನೇ ಕೇಳಪ್ಪಾ," ಎಂದು ಎಳೆದುಕೊಂಡಿದ್ದ ಹೊಟ್ಟೆಯನ್ನು ಬಿಟ್ಟೆ.